ಕಣ್ಣು ಮೊದಲು ಎಲ್ಲಿ ಹೋಯಿತು?

1715ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಪುರಭವನಕ್ಕೆ ಒಂದು ದೊಡ್ಡ ಚಿತ್ರ ಬಂತು. ರೆಂಬ್ರಾಂಟ್ 1642ರಲ್ಲಿ ಬರೆದು ಮುಗಿಸಿದ್ದ ‘ದಿ ನೈಟ್ ವಾಚ್’. ನಗರದ ಕಾವಲು ಪಡೆಯ ನಾಯಕ, ಪಕ್ಕದಲ್ಲಿ ಹಳದಿ ಉಡುಪಿನ ಉಪನಾಯಕ, ಹಿಂದೆ ಬಂದೂಕು, ಈಟಿ, ಬಾವುಟ ಹಿಡಿದ ಜನ. ಅದನ್ನು ಎರಡು ಬಾಗಿಲುಗಳ ನಡುವಿನ ಗೋಡೆಗೆ ತೂಗುಹಾಕಬೇಕಿತ್ತು. ಚಿತ್ರ ದೊಡ್ಡದು, ಗೋಡೆ ಚಿಕ್ಕದು. ಹಾಗಾಗಿ ಚಿತ್ರವನ್ನೇ ನಾಲ್ಕೂ ಬದಿಯಿಂದ ಕತ್ತರಿಸಿದರು. ಹೆಚ್ಚು ಹೋದದ್ದು ಎಡಗಡೆ, ಸುಮಾರು 60 ಸೆಂಟಿಮೀಟರ್. ಅದರ ಜೊತೆಗೆ ಇಬ್ಬರು ಗಂಡಸರು, ಒಬ್ಬ ಹುಡುಗ ಚಿತ್ರದಿಂದ ಕಾಣೆಯಾದರು. ಆ ತುಂಡುಗಳು ಇವತ್ತಿಗೂ ಸಿಕ್ಕಿಲ್ಲ.

ಅದೃಷ್ಟಕ್ಕೆ, ಕತ್ತರಿ ಬೀಳುವ ಮುಂಚೆಯೇ ಗೆರಿಟ್ ಲುಂಡೆನ್ಸ್ ಎಂಬ ಕಲಾವಿದ ಇದರದೊಂದು ಸಣ್ಣ ಪ್ರತಿಯನ್ನು ಬರೆದಿಟ್ಟಿದ್ದ. 2021ರಲ್ಲಿ ರೈಕ್ಸ್ ಮ್ಯೂಸಿಯಂನವರು ಆ ಪ್ರತಿಯನ್ನು ಆಧಾರವಾಗಿಟ್ಟುಕೊಂಡು, ಕೃತಕ ಬುದ್ಧಿಮತ್ತೆಗೆ ರೆಂಬ್ರಾಂಟನ ಶೈಲಿ ಕಲಿಸಿ, ಕಳೆದುಹೋದ ಅಂಚುಗಳನ್ನು ಮತ್ತೆ ಮೂಡಿಸಿ, ಮೂಲಚಿತ್ರದ ಸುತ್ತ ಸ್ವಲ್ಪ ಕಾಲ ಜೋಡಿಸಿಟ್ಟರು. ನೋಡಿದವರಿಗೆ ಆಶ್ಚರ್ಯವಾದದ್ದು ಹೊಸದಾಗಿ ಬಂದ ಮೂವರನ್ನು ಕಂಡಲ್ಲ. ಮುನ್ನೂರು ವರ್ಷ ನಟ್ಟನಡುವೆ ನಿಂತು ಫೋಟೋಕ್ಕೆ ಪೋಸು ಕೊಟ್ಟಂತಿದ್ದ ನಾಯಕ, ಉಪನಾಯಕರು ಈಗ ನಡುವಿನಿಂದ ಬಲಕ್ಕೆ ಸರಿದಿದ್ದರು. ಅವರ ಎದುರು, ಎಡಗಡೆ, ಖಾಲಿ ಜಾಗ ತೆರೆದುಕೊಂಡಿತ್ತು. ಪಡೆ ಆ ಜಾಗದ ಕಡೆಗೆ ಹೆಜ್ಜೆ ಹಾಕತೊಡಗಿತ್ತು. 

ಉಳಿದಿದ್ದ ಭಾಗದ ಮೇಲೆ ಯಾರೂ ಒಂದು ಗೆರೆಯನ್ನೂ ಎಳೆದಿರಲಿಲ್ಲ. ಮುಖಗಳು ಅವೇ, ಬಣ್ಣ ಅದೇ, ಬೆಳಕು ಅದೇ. ಬದಲಾದದ್ದು ಯಾವುದರ ಪಕ್ಕ ಯಾವುದು, ಯಾವುದಕ್ಕೆ ಎಷ್ಟು ಜಾಗ ಎನ್ನುವುದಷ್ಟೇ. ಚಿತ್ರಕಾರರು ಕಾಂಪೊಸಿಷನ್ ಎನ್ನುವುದು, ಪುಸ್ತಕಗಳಲ್ಲಿ ಸಂಯೋಜನೆ ಎಂದು ಬರೆಯುವುದು ಇದನ್ನೇ.

ಟ್ಯಾಬ್ಲೆಟ್ ಮೇಲೆ ಚಿತ್ರ ಬರೆಯುವ ಇಂದಿನವರಿಗೆ ಇಂಥ ಕತ್ತರಿ ಬೆರಳ ತುದಿಯಲ್ಲೇ ಇದೆ. ಕ್ರಾಪ್ ಮಾಡಬಹುದು, ಲೇಯರ್ ಸರಿಸಬಹುದು, ಸರಿಬರಲಿಲ್ಲವಾದರೆ ಹಿಂದಕ್ಕೆ ಬರಬಹುದು. ಇಷ್ಟೆಲ್ಲ ಇದ್ದೂ ಹೊಸಬರ ಡಿಜಿಟಲ್ ಚಿತ್ರಗಳಲ್ಲಿ ಎದ್ದು ಕಾಣುವ ದೋಷ ಸಂಯೋಜನೆಯದೇ. ರೆಪ್ಪೆಯ ಕೂದಲು ಎಣಿಸಬಹುದಾದಷ್ಟು ನಯವಾದ ಮುಖ, ಸೀರೆಯ ಅಂಚಿನಲ್ಲಿ ಒಂದೊಂದು ಎಳೆ, ಹಿಂದಿನ ಗೋಡೆಯಲ್ಲಿ ಒಂದೊಂದು ಇಟ್ಟಿಗೆ. ಆದರೆ ನೋಡುವವರಿಗೆ ಎಲ್ಲಿ ನೋಡಬೇಕೆಂದು ತೋಚುವುದಿಲ್ಲ. ಎರಡು ಕ್ಷಣ ತಡಕಾಡಿ ಪುಟ ತಿರುಗಿಸುತ್ತಾರೆ. ಇದಕ್ಕೆ ಕೈಚಳಕದ ಕೊರತೆಯನ್ನು ದೂರಿ ಪ್ರಯೋಜನವಿಲ್ಲ. ನಮ್ಮ ಕಣ್ಣಿನ ರಚನೆ, ಅದಕ್ಕೆ ಜೊತೆಯಾದ ಝೂಮ್ ಸೌಲಭ್ಯ, ಇವೆರಡೂ ಸೇರಿ ಚಿತ್ರಕಾರನನ್ನು ತನ್ನ ಚಿತ್ರಕ್ಕೇ ಕುರುಡನನ್ನಾಗಿ ಮಾಡುತ್ತವೆ.

ಕೈಯನ್ನು ನೇರ ಮುಂದಕ್ಕೆ ಚಾಚಿ ಹೆಬ್ಬೆರಳು ಎತ್ತಿ ಹಿಡಿಯಿರಿ. ಅದರ ಅಗಲ ನಿಮ್ಮ ಕಣ್ಣಿಗೆ ಸುಮಾರು ಎರಡು ಡಿಗ್ರಿ ಕೋನದಷ್ಟು. ಯಾವುದೇ ಕ್ಷಣದಲ್ಲಿ ನಿಮಗೆ ನಿಚ್ಚಳವಾಗಿ ಕಾಣುವುದು ಅಷ್ಟೇ ಜಾಗ. ಅಕ್ಷಿಪಟಲದ ನಡುವೆ ಫೋವಿಯಾ ಎಂಬ ಸಣ್ಣ ಕುಳಿಯಿದೆ. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಗ್ರಹಿಸುವ ಶಂಕುಕೋಶಗಳು ಅದರ ನಡುಮಧ್ಯದಲ್ಲಿ ಚದರ ಮಿಲಿಮೀಟರಿಗೆ ಸುಮಾರು ಎರಡು ಲಕ್ಷದಂತೆ ಒತ್ತೊತ್ತಾಗಿ ಕೂತಿವೆ. ಅಲ್ಲಿಂದ ಒಂದಿಷ್ಟು ಆಚೆ ಸರಿದರೆ ಅವುಗಳ ದಟ್ಟಣೆ ಥಟ್ಟನೆ ಇಳಿದುಬಿಡುತ್ತದೆ. ಈಗ ನಿಮ್ಮ ಮುಂದೆ, 60 ಸೆಂಟಿಮೀಟರ್ ದೂರದಲ್ಲಿ, 24 ಇಂಚಿನ ಮಾನಿಟರ್ ಇದೆ ಎಂದುಕೊಳ್ಳಿ. ಅಡ್ಡಕ್ಕೆ ಅದು ಸುಮಾರು 48 ಡಿಗ್ರಿ, ಉದ್ದಕ್ಕೆ 28. ಹೆಬ್ಬೆರಳಿನ ಅಗಲದ ಆ ಬಿಲ್ಲೆ ಪರದೆಯ ಸಾವಿರದಲ್ಲಿ ಮೂರು ಪಾಲೂ ಆಗುವುದಿಲ್ಲ. ಉಳಿದದ್ದೆಲ್ಲ ಮಸುಕು.

ಹಾಗಿದ್ದೂ ಇಡೀ ಚಿತ್ರ ಸ್ಪಷ್ಟವಾಗಿ ಕಾಣುತ್ತಿದೆ ಅನ್ನಿಸುತ್ತದಲ್ಲ? ಕಣ್ಣು ಸುಮ್ಮನೆ ಕೂರುವುದಿಲ್ಲ. ಸೆಕೆಂಡಿಗೆ ಮೂರು ನಾಲ್ಕು ಸಲ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುತ್ತದೆ. ಜಿಗಿಯುವ ಹೊತ್ತಿನಲ್ಲಿ ಕಾಣುವ ಕಲಸುಮೇಲೋಗರವನ್ನು ಮಿದುಳು ಅದುಮಿಟ್ಟು, ನಿಂತ ನಿಂತಲ್ಲಿ ಸಿಕ್ಕ ತುಣುಕುಗಳನ್ನು ಜೋಡಿಸಿ, ಇಡೀ ದೃಶ್ಯವನ್ನು ಒಮ್ಮೆಲೇ ನೋಡಿದೆ ಎಂಬ ಭ್ರಮೆ ಹುಟ್ಟಿಸುತ್ತದೆ. ಇಲ್ಲಿ ಚಿತ್ರಕಾರರು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಮುಂದಿನ ಜಿಗಿತ ಎಲ್ಲಿಗೆ ಎಂದು ನಿರ್ಧಾರವಾಗುವುದು ಹೇಗೆ? ಫೋವಿಯಾಕ್ಕೆ ತನ್ನ ಬಿಲ್ಲೆಯ ಆಚೆ ಏನಿದೆ ಎಂಬುದೇ ಗೊತ್ತಿಲ್ಲ. ನೋಡುವವರಿಗೊಂದು ಉದ್ದೇಶವಿದ್ದರೆ ಅದೂ ದಾರಿ ತೋರಿಸೀತು. ಆದರೆ ಅಲ್ಲೊಂದು ಕಪ್ಪು ಮೊತ್ತ ಇದೆ, ಇಲ್ಲೊಂದು ಬಿಳಿ ತೇಪೆ ಇದೆ, ಅದು ಮುಖದಂತಿದೆ ಎಂದು ಸುದ್ದಿ ಕೊಡುವುದು ಸುತ್ತಲಿನ ಮಸುಕು ದೃಷ್ಟಿಯೇ.

ಆ ಮಸುಕು ದೃಷ್ಟಿಗೂ ಅದರದೇ ನಿಯಮಗಳಿವೆ. ಹಾಲೆಂಡಿನ ಹರ್ಮನ್ ಬೌಮಾ 1970ರಲ್ಲಿ ಅಕ್ಷರಗಳನ್ನು ಬಳಸಿ ಅದರಲ್ಲೊಂದನ್ನು ಅಳೆದ. ದಿಟ್ಟಿಸುತ್ತಿರುವ ಬಿಂದುವಿನಿಂದ ಒಂದು ವಸ್ತು ಎಷ್ಟು ದೂರದಲ್ಲಿದೆಯೋ ಅದರ ಸುಮಾರು ಅರ್ಧಕ್ಕಿಂತ ಹತ್ತಿರ ಬೇರೆ ವಸ್ತುಗಳು ಬಂದರೆ, ಎಲ್ಲವೂ ಒಂದರೊಳಗೊಂದು ಕಲಸಿಹೋಗುತ್ತವೆ. ದೃಷ್ಟಿಯ ನಡುವಿನಿಂದ 10 ಡಿಗ್ರಿ ಆಚೆಗಿನ ವಸ್ತು ತಾನಾಗಿ ಕಾಣಬೇಕಾದರೆ ಅದರ ಸುತ್ತ ಸುಮಾರು 5 ಡಿಗ್ರಿ ತೆರವು ಬೇಕು. ಹಿನ್ನೆಲೆಯ ಒಂದೊಂದು ಇಟ್ಟಿಗೆಯನ್ನೂ ಶ್ರದ್ಧೆಯಿಂದ ಬರೆದವರಿಗೆ ಇದು ಕಹಿಸುದ್ದಿ. ಮುಖವನ್ನು ನೋಡುತ್ತಿರುವವರಿಗೆ ಆ ಇಟ್ಟಿಗೆಗಳು ಇಟ್ಟಿಗೆಗಳಾಗಿ ಕಾಣುವುದೇ ಇಲ್ಲ, ಬರೀ ಗಿಜಿಗಿಜಿ. ಮೇಲಾಗಿ ಆ ಗಿಜಿಗಿಜಿ ಮುಖದ ಅಂಚನ್ನೂ ತಿನ್ನುತ್ತದೆ.

ಹಾಗಾದರೆ ಸಂಯೋಜನೆ ಎಂದರೆ ಬಹುಪಾಲು ಮಸುಕು ದೃಷ್ಟಿಗಾಗಿ ಬರೆದ ಚಿತ್ರ. ಚಿತ್ರಕಾರರೋ, ನಾಲ್ಕು ನೂರು ಶೇಕಡ ಝೂಮ್ ಮಾಡಿಕೊಂಡು, ಫೋವಿಯಾದ ಬಿಲ್ಲೆಯೊಳಗೇ ದಿನಗಟ್ಟಲೆ ಮುಳುಗಿರುತ್ತಾರೆ. ಅವರು ಬರೆಯುವುದು ಒಂದು ಕಣ್ಣಿಗೆ, ಚಿತ್ರವನ್ನು ಮೊದಲು ಭೇಟಿಯಾಗುವುದು ಇನ್ನೊಂದು ಕಣ್ಣು.

ಈ ಅಂತರ ದಾಟಲು ಕಲಾವಿದರು ವಿಜ್ಞಾನಕ್ಕಿಂತ ಬಹಳ ಮುಂಚೆಯೇ ಒಂದು ಉಪಾಯ ಕಂಡುಕೊಂಡಿದ್ದರು. ದೊಡ್ಡ ಚಿತ್ರಕ್ಕೆ ಕೈಹಾಕುವ ಮೊದಲು ಅದನ್ನೇ ಪುಟಾಣಿಯಾಗಿ, ಒರಟಾಗಿ, ಹತ್ತಾರು ಬಗೆಯಲ್ಲಿ ಗೀಚಿ ನೋಡುವುದು. ಇವೇ ಥಂಬ್‌ನೇಲ್‌ಗಳು. ಐದು ಸೆಂಟಿಮೀಟರ್ ಅಗಲದ ಗೀಚು ಅರ್ಧ ಮೀಟರ್ ದೂರದಿಂದ ಕಣ್ಣಿಗೆ ಆರು ಡಿಗ್ರಿಗೂ ಕಡಿಮೆ. ಎರಡು ಮೂರು ನೋಟದಲ್ಲಿ ಇಡೀ ಚಿತ್ರ ಕೈಗೆ ಸಿಗುತ್ತದೆ. ಸಮಯ ಉಳಿಸುವ ಕಚ್ಚಾ ಕೆಲಸವೆಂದು ಇದನ್ನು ಕಲಿಸುವುದುಂಟು, ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ನೋಡುಗರ ಮಸುಕು ದೃಷ್ಟಿಗೆ ಮಾತ್ರ ಕಾಣುವುದನ್ನು ಚಿತ್ರಕಾರನ ಫೋವಿಯಾದೆದುರು ತಂದಿಡುವ ಉಪಕರಣ ಅದು. 

ಇದಕ್ಕೆ ಪ್ರಯೋಗಶಾಲೆಯ ಆಧಾರವೂ ಇದೆ. ಮೇರಿ ಪಾಟರ್ 1975ರಲ್ಲಿ ಚಿತ್ರಗಳನ್ನು ಒಂದರ ಹಿಂದೊಂದು, ಪ್ರತಿಯೊಂದನ್ನೂ ಸೆಕೆಂಡಿನ ಎಂಟನೇ ಒಂದು ಭಾಗದಷ್ಟೇ ಹೊತ್ತು ತೋರಿಸಿದಳು. ಹುಡುಕಬೇಕಾದ್ದು ಏನೆಂದು ಮೊದಲೇ ಹೇಳಿದ್ದರೆ ಅಷ್ಟರಲ್ಲೇ ಜನ ಗುರುತಿಸುತ್ತಿದ್ದರು. ಕಣ್ಣು ಒಂದು ಜಿಗಿತ ಮುಗಿಸುವ ಮುಂಚೆಯೇ ದೃಶ್ಯದ ಸಾರ ಒಳಗೆ ಇಳಿದಿರುತ್ತದೆ. ಆ ಸಾರ ಬರುವುದು ಯಾವುದರಿಂದ? ಫಿಲಿಪ್ ಶಿನ್ಸ್ ಮತ್ತು ಒಡ್ ಒಲಿವಾ 1994ರಲ್ಲಿ ಎರಡು ದೃಶ್ಯಗಳನ್ನು ಬೆರೆಸಿದ ಚಿತ್ರಗಳನ್ನು ಮಾಡಿದರು. ಒಂದರದು ಬರೀ ದೊಡ್ಡ ಮಸುಕು ಮೊತ್ತಗಳು, ಇನ್ನೊಂದರದು ಬರೀ ಸಣ್ಣ ಅಂಚುಗೆರೆಗಳು. 30 ಮಿಲಿಸೆಕೆಂಡು ತೋರಿಸಿದಾಗ ಜನ ಹೆಚ್ಚಾಗಿ ಮೊತ್ತಗಳ ದೃಶ್ಯವನ್ನೂ, 150 ಮಿಲಿಸೆಕೆಂಡು ತೋರಿಸಿದಾಗ ಗೆರೆಗಳ ದೃಶ್ಯವನ್ನೂ ಕಂಡರು. ಮೊದಲು ಮೊತ್ತ, ಆಮೇಲೆ ಗೆರೆ. ಹತ್ತಿರದಿಂದ ಐನ್‌ಸ್ಟೈನ್, ದೂರದಿಂದ ಮರ್ಲಿನ್ ಮನ್ರೋ ಆಗಿ ಕಾಣುವ ಚಿತ್ರವನ್ನು ನೀವು ಮೊಬೈಲಿನಲ್ಲಿ ನೋಡಿರಬಹುದು, ಅದೂ ಒಲಿವಾ ಮಾಡಿದ್ದೇ. ಹಳೆಯ ಡ್ರಾಯಿಂಗ್ ಮೇಷ್ಟ್ರುಗಳು ಕಣ್ಣು ಕಿರಿದು ಮಾಡಿ ಚಿತ್ರ ನೋಡಿ ಎನ್ನುತ್ತಿದ್ದುದಕ್ಕೂ ಇದೇ ಕಾರಣ. ರೆಪ್ಪೆ ಅರೆಮುಚ್ಚಿದರೆ ಗೆರೆಗಳು ಅಳಿಸಿ ಮೊತ್ತಗಳು ಉಳಿಯುತ್ತವೆ.

ಇಲ್ಲಿ ಒಂದು ಜಗಳ ಮುಗಿಸಿ ಮುಂದೆ ಹೋಗೋಣ. ಹಳೆಯ ಮಹಾಚಿತ್ರಗಳ ಮೇಲೆ ಕೆಂಪು ಬಾಣಗಳನ್ನು ಎಳೆದು, ಕಣ್ಣು ಈ ಗೆರೆಯ ಗುಂಟ ಜಾರಿ ಹೀಗೆ ತಿರುಗಿ ಹಾಗೆ ಬರುತ್ತದೆ ಎಂದು ವಿವರಿಸುವ ಪುಸ್ತಕಗಳು ಬೇಕಾದಷ್ಟಿವೆ. ಜಾರ್ಜ್ ಸ್ಟ್ರಾಟನ್ ಎಂಬ ಮನಶ್ಶಾಸ್ತ್ರಜ್ಞ 1902ರಲ್ಲೇ ಕಣ್ಣಿನ ಚಲನೆಯ ಫೋಟೋ ತೆಗೆದು, ಸುಂದರ ವಕ್ರರೇಖೆಯನ್ನು ನೋಡುವಾಗಲೂ ಕಣ್ಣು ಅದರ ಮೇಲೆ ಜಾರುವುದಿಲ್ಲ, ಅಡ್ಡಾದಿಡ್ಡಿ ಜಿಗಿಯುತ್ತದೆ ಎಂದು ತೋರಿಸಿದ್ದ. ಷಿಕಾಗೋದ ಗೈ ಬಸ್‌ವೆಲ್ 1935ರಲ್ಲಿ 200 ಜನಕ್ಕೆ 55 ಚಿತ್ರಗಳನ್ನು ತೋರಿಸಿ ದಾಖಲಿಸಿದ. ಮೊದಲು ಕಣ್ಣು ಚಿತ್ರದ ತುಂಬ ಚುಟುಕಾಗಿ ಅಲೆಯುತ್ತದೆ, ಆಮೇಲೆ ಕೆಲವೇ ಜಾಗಗಳಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ರಷ್ಯಾದ ಆಲ್‌ಫ್ರೆಡ್ ಯಾರ್ಬಸ್ ನೋಡುಗರ ಕಣ್ಣಿಗೆ ಕನ್ನಡಿಯಿದ್ದ ಪುಟ್ಟ ಟೋಪಿಯನ್ನು ಅಂಟಿಸಿ (ಓದುವಾಗಲೇ ಕಣ್ಣು ಉರಿಯುತ್ತದೆ!) ಚಿತ್ರಕಾರ ರೆಪಿನ್‌ನ ಒಂದೇ ಚಿತ್ರವನ್ನು ಬೇರೆ ಬೇರೆ ಪ್ರಶ್ನೆಗಳೊಂದಿಗೆ ತೋರಿಸಿದ. ಚಿತ್ರದಲ್ಲಿರುವವರ ವಯಸ್ಸೆಷ್ಟು ಎಂದು ಕೇಳಿದರೆ ಕಣ್ಣು ಮುಖದಿಂದ ಮುಖಕ್ಕೆ ಹಾರಿತು. ಮನೆಯ ಸ್ಥಿತಿಗತಿ ಹೇಗಿದೆ ಎಂದು ಕೇಳಿದರೆ ಬಟ್ಟೆ, ಪೀಠೋಪಕರಣಗಳ ಮೇಲೆ ತಿರುಗಿತು. ಚಿತ್ರ ಒಂದೇ, ದಾರಿ ಬೇರೆ ಬೇರೆ. ಚಿತ್ರಕಾರನಿಂದ ಇಡೀ ದಾರಿ ಹಾಕಿಕೊಡಲು ಆಗುವುದಿಲ್ಲ. ಮೊದಲ ಒಂದೆರಡು ನಿಲುಗಡೆಗಳನ್ನು ಮಾತ್ರ ಅವನು ಹೆಚ್ಚುಕಡಿಮೆ ಗೊತ್ತುಮಾಡಬಲ್ಲ. ಚಿತ್ರವನ್ನು ಮೂರು ಪಾಲಾಗಿ ಎಣಿಸಿ ಹಂಚುವ ‘ಮೂರನೇ ಒಂದು ಭಾಗದ ನಿಯಮ’ವೂ ಅಷ್ಟೇ. 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಹಳ್ಳಿಗಾಡಿನ ದೃಶ್ಯಗಳ ಬಗ್ಗೆ ಬರೆದ ಪುಸ್ತಕದಲ್ಲಿ ಕೊಟ್ಟ ಸಲಹೆ ಅದು. ಆರಂಭಕ್ಕೆ ಅಡ್ಡಿಯಿಲ್ಲ, ಪ್ರಕೃತಿ ನಿಯಮವೆಂದು ಪೂಜಿಸಬೇಕಾಗಿಲ್ಲ.

ಈಗ ಒಂದು ಕೆಲಸ ಕೈಗೆತ್ತಿಕೊಳ್ಳೋಣ. ಮಕ್ಕಳ ಪುಸ್ತಕವೊಂದಕ್ಕೆ ಎರಡು ಪುಟ ತುಂಬುವ ಯಕ್ಷಗಾನದ ಚಿತ್ರ ಬೇಕು. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ, ಬಣ್ಣದ ವೇಷದ ರಾಕ್ಷಸ ಅಬ್ಬರಿಸುತ್ತಿದ್ದಾನೆ, ಮುಂದೆ ಅಮ್ಮನ ಮಡಿಲಲ್ಲಿ ಕೂತ ಪುಟ್ಟ ಹುಡುಗಿ ಹೆದರಿ ನೋಡುತ್ತಿದ್ದಾಳೆ. ತಕ್ಷಣ ಮನಸ್ಸಿಗೆ ಬರುವ ಚಿತ್ರ ಎಲ್ಲರದೂ ಒಂದೇ: ರಂಗಸ್ಥಳ ನಡುವೆ, ರಾಕ್ಷಸ ನಡುವೆ, ಹಿಂದೆ ಭಾಗವತರು, ಪಕ್ಕದಲ್ಲಿ ಚೆಂಡೆಯವರು, ಕೆಳಗೆ ಸಾಲಾಗಿ ತಲೆಗಳು. ಇದನ್ನೇ ಬರೆದರೆ ತಪ್ಪೇನಿಲ್ಲ, ಆದರೆ ಹುಡುಗಿ ಆ ತಲೆಗಳ ಸಾಲಿನಲ್ಲಿ ಕಳೆದುಹೋಗುತ್ತಾಳೆ. ಸಾಲದ್ದಕ್ಕೆ ರಾಕ್ಷಸನ ಮೂಗು ಎರಡು ಪುಟಗಳ ಹೊಲಿಗೆಯ ಮಡಿಕೆಯೊಳಗೆ ಸಿಕ್ಕಿಕೊಳ್ಳುತ್ತದೆ.

ಕ್ಯಾನ್ವಾಸಿನ ಮೇಲೆ ಪುಸ್ತಕದ ಅಳತೆಗೆ ಅನುಪಾತವಾಗಿ ಒಂಬತ್ತು ಸಣ್ಣ ಚೌಕಟ್ಟುಗಳನ್ನು ಎಳೆದುಕೊಳ್ಳಿ. ಕಪ್ಪು, ಬೂದು, ಬಿಳಿ, ಮೂರೇ ಛಾಯೆ. ಒಂದೇ ದಪ್ಪ ಕುಂಚ. ಝೂಮ್ ನಿಷಿದ್ಧ. ಒಂದಕ್ಕೆ ಎರಡು ಮೂರು ನಿಮಿಷ ಸಾಕು. ಒಂದರಲ್ಲಿ ಹುಡುಗಿಯ ಬೆನ್ನ ಹಿಂದಿನಿಂದ ನೋಡಿ, ಅವಳ ತಲೆ ದೊಡ್ಡ ಕಪ್ಪು ಮೊತ್ತವಾಗಲಿ, ರಾಕ್ಷಸ ಅದರಾಚೆ ಬೆಳಕಿನಲ್ಲಿರಲಿ. ಇನ್ನೊಂದರಲ್ಲಿ ರಂಗಸ್ಥಳದ ಮೇಲಿನಿಂದ, ರಾಕ್ಷಸನ ಹೆಗಲ ಮೇಲಿಂದ ನೋಡಿ, ಕತ್ತಲೆಯ ಜನಸಾಗರದಲ್ಲಿ ಒಂದೇ ಒಂದು ಮುಖಕ್ಕೆ ಬೆಳಕು ಬೀಳಲಿ. ಮತ್ತೊಂದರಲ್ಲಿ ರಾಕ್ಷಸನನ್ನೇ ಬಿಟ್ಟುಬಿಡಿ. ಅವನ ಕಿರೀಟದ ನೆರಳು ಮಾತ್ರ ಹುಡುಗಿಯ ಮೇಲೆ ಬೀಳಲಿ. ಪಠ್ಯಕ್ಕೆ ಜಾಗವನ್ನೂ ಈಗಲೇ ಬೂದು ಚೌಕವಾಗಿ ಗುರುತಿಸಿ. ಕನ್ನಡದ ಸಾಲುಗಳಿಗೆ ಒತ್ತಕ್ಷರಗಳ ಕಾರಣದಿಂದ ನಡುವೆ ಹೆಚ್ಚು ತೆರಪು ಬೇಕು. ಇಂಗ್ಲಿಷ್ ಪುಸ್ತಕದ ಅಳತೆ ನೋಡಿ ಬಿಟ್ಟ ಜಾಗ ಸಾಲದೆ, ಕೊನೆಗೆ ಅಕ್ಷರಗಳು ಚೆಂಡೆಯವರ ಮೇಲೆ ಹತ್ತಿ ಕೂರುವುದನ್ನು ಎಷ್ಟೋ ಪುಸ್ತಕಗಳಲ್ಲಿ ನೋಡಬಹುದು.

ಥಂಬ್‌ನೇಲ್‌ನಲ್ಲಿ ಮಾತ್ರ ಸುಲಭವಾಗಿ ಸಿಕ್ಕಿಬೀಳುವ ಒಂದು ದೋಷವಿದೆ, ಚಿತ್ರಕಾರರು ಅದನ್ನು ಟ್ಯಾಂಜೆಂಟ್ ಎನ್ನುತ್ತಾರೆ. ರಾಕ್ಷಸನ ಕಿರೀಟದ ತುದಿ ರಂಗಸ್ಥಳದ ಮೇಲಿನ ತೋರಣವನ್ನು ಸರಿಯಾಗಿ ಮುಟ್ಟಿ ನಿಂತಿದೆ ಎನ್ನಿ. ಹಾದುಹೋಗಿಲ್ಲ, ದೂರವೂ ಇಲ್ಲ, ತಾಗಿದೆ. ಚಪ್ಪಟೆ ಹಾಳೆಯ ಮೇಲೆ ಯಾವುದು ಮುಂದೆ, ಯಾವುದು ಹಿಂದೆ ಎಂದು ತಿಳಿಯಲು ಮಿದುಳು ಬಳಸುವ ದೊಡ್ಡ ಸುಳಿವು, ಒಂದು ಗೆರೆ ಇನ್ನೊಂದಕ್ಕೆ ಬಂದು ನಿಂತುಹೋಗುವ ಸಂಧಿ. ಹಿಂದಿನ ವಸ್ತುವಿನ ಅಂಚು ಮುಂದಿನದರ ಅಂಚಿಗೆ ಬಂದು ಕಡಿದುಹೋಗುತ್ತದೆ, ಮುಂದಿನದರ ಅಂಚು ಕಡಿಯದೆ ಸಾಗುತ್ತದೆ. ಕಿರೀಟ ತೋರಣದ ಮೇಲೆ ಹಾದು ಹೋಗಿದ್ದರೆ ಅಂಥ ಎರಡು ಸಂಧಿ ಹುಟ್ಟಿ, ಕಿರೀಟ ಮುಂದೆ ಎಂದು ಸ್ಪಷ್ಟವಾಗುತ್ತಿತ್ತು. ಬರೀ ತಾಗಿದಾಗ ಸುಳಿವೇ ಇಲ್ಲ. ರಾಕ್ಷಸ ತೋರಣದಿಂದ ಜೋತಾಡುವಂತೆ ಕಾಣುತ್ತಾನೆ. ಪರಿಹಾರ ಬೆರಳಗಲದಷ್ಟು ಸರಿಸುವುದು, ಯಾವ ಕಡೆಗಾದರೂ ಸರಿ. ಚಿತ್ರ ಮುಗಿದ ಮೇಲೆ ಅದೇ ಬೆರಳಗಲ ಸರಿಸಲು ಕಿರೀಟ, ನೆರಳು, ತೋರಣದ ಎಲೆ, ಎಲ್ಲವನ್ನೂ ಮತ್ತೆ ಬರೆಯಬೇಕು.

ಬಣ್ಣ ಬಂದ ಮೇಲೆ ಇನ್ನೊಂದು ಮೋಸ ಕಾದಿರುತ್ತದೆ. ಚಿತ್ರಕಾರ ಮೋನೆಯ 1872ರ ಪ್ರಖ್ಯಾತ ಸೂರ್ಯೋದಯದ ಚಿತ್ರದಲ್ಲಿ ಕಿತ್ತಳೆ ಸೂರ್ಯ ಎಷ್ಟು ಢಾಳಾಗಿ ಕಾಣುತ್ತಾನೆ! ಹಾರ್ವರ್ಡ್‌ನ ನರವಿಜ್ಞಾನಿ ಮಾರ್ಗರೆಟ್ ಲಿವಿಂಗ್‌ಸ್ಟನ್ ತೋರಿಸಿದಂತೆ, ಅದೇ ಚಿತ್ರವನ್ನು ಕಪ್ಪುಬಿಳುಪಿಗೆ ತಿರುಗಿಸಿದರೆ ಸೂರ್ಯ ಮೋಡದಲ್ಲಿ ಕರಗಿ ಬಹುತೇಕ ಮಾಯವಾಗುತ್ತಾನೆ. ವರ್ಣ ಬೇರೆ, ಹೊಳಪು ಒಂದೇ. ಮಿದುಳಿನಲ್ಲಿ ಆಳ, ಚಲನೆ, ಸ್ಥಾನಗಳನ್ನು ಲೆಕ್ಕಹಾಕುವ ಭಾಗ ಹೆಚ್ಚಾಗಿ ಹೊಳಪಿನ ವ್ಯತ್ಯಾಸವನ್ನೇ ನೆಚ್ಚಿದೆ, ಅದಕ್ಕೆ ಆ ಸೂರ್ಯ ಕಾಣುವುದೇ ಇಲ್ಲ. ಅವನು ಮಿಡಿಯುವಂತೆ ತೋರುವುದು ಅದರಿಂದಲೇ ಎಂದು ಲಿವಿಂಗ್‌ಸ್ಟನ್ ವಾದ. ಮೋನೆಗೆ ಅದು ಬೇಕಿತ್ತು. ನಿಮ್ಮ ರಾಕ್ಷಸನ ಕೆಂಪು ಮುಖ ಹಿಂದಿನ ಹಸಿರು ಪರದೆಯಷ್ಟೇ ಹೊಳಪಿನದಾಗಿದ್ದರೆ ನಿಮಗೆ ಅದು ಬೇಕಿರಲಾರದು. ಹಾಗಾಗಿ ಆಗಾಗ ಬಣ್ಣ ತೆಗೆದು ನೋಡಬೇಕು. ತೆಗೆಯುವ ವಿಧಾನದಲ್ಲಿ ಜೋಕೆ: ಫೋಟೋಶಾಪ್‌ನ ಡಿಸ್ಯಾಚುರೇಟ್ ಆಜ್ಞೆ ಅಪ್ಪಟ ಹಳದಿಯನ್ನೂ ಅಪ್ಪಟ ನೀಲಿಯನ್ನೂ ಒಂದೇ ಬೂದು ಬಣ್ಣವನ್ನಾಗಿ ಮಾಡುತ್ತದೆ. ನಮ್ಮ ಕಣ್ಣಿಗೆ ಹಳದಿ ಬೆಳ್ಳಗೆ, ನೀಲಿ ಕಪ್ಪಗೆ. ಪರದೆಯ ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು 72 ಶೇಕಡ, ಕೆಂಪಿನದು 21, ನೀಲಿಯದು 7 ಮಾತ್ರ. ಎಲ್ಲಕ್ಕಿಂತ ಮೇಲೊಂದು ಲೇಯರ್ ಇಟ್ಟು, ಕಪ್ಪು ತುಂಬಿ, ಅದರ ಬ್ಲೆಂಡಿಂಗ್ ಮೋಡನ್ನು ಕಲರ್ ಎಂದು ಮಾಡಿದರೆ ಕಣ್ಣಿಗೆ ಹೆಚ್ಚು ಹತ್ತಿರದ ಬೂದು ಸಿಗುತ್ತದೆ. ಬೇಕಾದಾಗ ಹಚ್ಚಿ, ಬೇಡವಾದಾಗ ಆರಿಸಿ.

ಒಂಬತ್ತು ಥಂಬ್‌ನೇಲ್ ಯಾಕೆ, ಒಂದೇ ಒಳ್ಳೆಯದನ್ನು ಯೋಚಿಸಿ ಬರೆದರೆ ಸಾಲದೆ? ಟೆಕ್ಸಾಸ್‌ನ ಡೇವಿಡ್ ಜಾನ್ಸನ್ ಮತ್ತು ಸ್ಟೀವನ್ ಸ್ಮಿತ್ 1991ರಲ್ಲಿ ಎಂಜಿನಿಯರಿಂಗ್ ವಿನ್ಯಾಸಕಾರರ ಮೇಲೆ ಮಾಡಿದ ಪ್ರಯೋಗ ಇದಕ್ಕೆ ಉತ್ತರ. ಚೆಲ್ಲದ ಕಾಫಿ ಲೋಟ ವಿನ್ಯಾಸ ಮಾಡಿ, ಸ್ಟ್ರಾ ಬಳಸಬೇಡಿ ಎಂದು ಹೇಳಿ, ಕೆಲವರಿಗೆ ಮಾತ್ರ ಒಂದು ಮಾದರಿ ತೋರಿಸಿದರು, ಸ್ಟ್ರಾ ಇದ್ದದ್ದನ್ನೇ. ಮಾದರಿ ನೋಡಿದವರು ಬೇಡವೆಂದ ದೋಷವನ್ನೇ ತಮ್ಮ ವಿನ್ಯಾಸದೊಳಗೆ ಎಳೆದುತಂದರು. ಒಮ್ಮೆ ಕಂಡ ಪರಿಹಾರ ಮನಸ್ಸಿಗೆ ಹೀಗೆ ಅಂಟಿಕೊಳ್ಳುತ್ತದೆ. ಮೊದಲು ಹೊಳೆದ ಚಿತ್ರವೂ ಅಂಥದೇ ಮಾದರಿ, ಅದು ಬಂದದ್ದು ನಿಮ್ಮದೇ ನೆನಪಿನ ಗೋದಾಮಿನಿಂದ ಎನ್ನುವುದಷ್ಟೇ ವ್ಯತ್ಯಾಸ. ನನ್ನ ಅಭಿಪ್ರಾಯದಲ್ಲಿ ಮೊದಲ ಮೂರು ಥಂಬ್‌ನೇಲ್‌ಗಳ ಕೆಲಸವೇ ಆ ಗೋದಾಮನ್ನು ಖಾಲಿ ಮಾಡುವುದು.

ಹಾಗೆಂದು ಮೊದಲ ಗೀಚೆಲ್ಲ ಕಸ ಎಂದೂ ಅಲ್ಲ. ಗೆರ್ನಿಕಾ ಪಟ್ಟಣದ ಮೇಲೆ ಬಾಂಬು ಬಿದ್ದದ್ದು 1937ರ ಏಪ್ರಿಲ್ 26ರಂದು. ಅದರ ಬಗ್ಗೆ ತಾನು ಬರೆಯಲಿದ್ದ ‘ಗೆರ್ನಿಕಾ’ ಚಿತ್ರಕ್ಕಾಗಿ ಮೇ 1ರಂದು ಪಿಕಾಸೊ ನೀಲಿ ಕಾಗದದ ತುಂಡಿನ ಮೇಲೆ ಪೆನ್ಸಿಲಿನಲ್ಲಿ ಗೀಚಿದ ಮೊದಲ ರೇಖೆಗಳಲ್ಲೇ ಗೂಳಿ, ಕುದುರೆ, ದೀಪ ಹಿಡಿದ ಹೆಂಗಸು ಮೂರೂ ಇದ್ದವು. ಪಾತ್ರಗಳು ಸಿಕ್ಕಿದ್ದವು, ಜಾಗ ಸಿಕ್ಕಿರಲಿಲ್ಲ. ಮುಂದಿನ ವಾರಗಳಲ್ಲಿ ಹುಟ್ಟಿದ 45 ತಯಾರಿ ಚಿತ್ರಗಳಲ್ಲಿ, ಆಮೇಲೆ ಏಳೂಮುಕ್ಕಾಲು ಮೀಟರ್ ಅಗಲದ ಕ್ಯಾನ್ವಾಸಿನ ಮೇಲೂ, ಅವನು ಅವನ್ನು ಸರಿಸುತ್ತಲೇ ಹೋದ. ಹಂತಹಂತವಾಗಿ ಡೋರಾ ಮಾರ್ ತೆಗೆದ ಫೋಟೋಗಳಿರುವುದರಿಂದ ನಮಗೆ ಇದೆಲ್ಲ ಗೊತ್ತು. ಆರಂಭದ ಹಂತದಲ್ಲಿ ನಡುವೆ ಒಂದು ಎತ್ತಿದ ಮುಷ್ಟಿ ಇತ್ತು. ಘೋಷಣೆ ಕೂಗುವಂಥ ಆ ಮುಷ್ಟಿ ಕೆಲವೇ ದಿನಗಳಲ್ಲಿ ಹೋಯಿತು. ಕೆಳಗೆ ಕುಸಿದಿದ್ದ ಕುದುರೆಯ ತಲೆ ಆ ಜಾಗಕ್ಕೆ ಎದ್ದುಬಂತು.

ಪಿಕಾಸೊಗೆ ಫೋಟೋಗಳಿದ್ದವು. ಉಳಿದವರಿಗೆ? ಗಂಟೆಗಟ್ಟಲೆ ನೋಡಿದ ಚಿತ್ರವನ್ನು ಮೊದಲ ಸಲ ನೋಡುವವರಂತೆ ನೋಡುವುದು ಚಿತ್ರಕಾರನಿಂದ ಆಗದ ಮಾತು. ಹುಡುಗಿ ಎಲ್ಲಿದ್ದಾಳೆಂದು ಅವನಿಗೆ ಗೊತ್ತು, ಆದ್ದರಿಂದ ಅವಳು ಕಾಣುತ್ತಾಳೆ. ಕನ್ನಡಿಯನ್ನು ಚಿತ್ರದ ನ್ಯಾಯಾಧೀಶನನ್ನಾಗಿ ಮಾಡಿಕೊಳ್ಳಿ ಎಂದು ಇಟಲಿಯ ಆಲ್‌ಬೆರ್ಟಿ 1435ರಲ್ಲೇ ಸಲಹೆ ಕೊಟ್ಟ, ಲಿಯೊನಾರ್ಡೊ ಕೂಡ. ಕ್ರೀಟಾ ಎಂಬ ಉಚಿತ ತಂತ್ರಾಂಶದಲ್ಲಿ ಎಮ್ ಕೀಲಿ ಒತ್ತಿದರೆ ಚಿತ್ರ ಎಡಬಲ ಅದಲುಬದಲಾಗುತ್ತದೆ. ವಾಲಿದ ಕಂಬ, ಒಂದೇ ಕಡೆಗೆ ಬಿದ್ದ ಭಾರ ತಟ್ಟನೆ ಕಣ್ಣಿಗೆ ಹೊಡೆಯುತ್ತವೆ. ಆದರೆ ಕೆಲವು ಸಲ ಒತ್ತುವಷ್ಟರಲ್ಲಿ ಕಣ್ಣು ಅದಕ್ಕೂ ಒಗ್ಗಿಹೋಗುತ್ತದೆ. ಆಮೇಲೆ ಇನ್ನೊಬ್ಬರ ಕಣ್ಣನ್ನೇ ಸಾಲ ತರಬೇಕು.

ಯಾರ ಕಣ್ಣು ಎನ್ನುವುದೂ ಮುಖ್ಯ. ನಾರ್ವೆಯ ಸ್ಟೀನೆ ವೋಗ್ಟ್ ಮತ್ತು ಸ್ವೈನ್ ಮ್ಯಾಗ್ನುಸನ್ 2007ರಲ್ಲಿ ಕಂಡುಕೊಂಡಂತೆ, ಕಲಾಭ್ಯಾಸವಿಲ್ಲದವರ ನೋಟ ಮನುಷ್ಯರು, ಗುರುತು ಹತ್ತುವ ವಸ್ತುಗಳ ಮೇಲೆ ಹೆಚ್ಚು ನಿಲ್ಲುತ್ತದೆ. ಕಲಾವಿದರ ನೋಟ ರಚನೆ, ಆಕಾರ, ಖಾಲಿ ಜಾಗಗಳ ಕಡೆಗೂ ಹೋಗುತ್ತದೆ. ನಿಮ್ಮ ಓದುಗರು ಮೊದಲ ಗುಂಪಿನವರು. ಹಾಗಾಗಿ ಸಹಕಲಾವಿದರ ಮೆಚ್ಚುಗೆಯೊಂದನ್ನೇ ನೆಚ್ಚಬಾರದು. ಪಕ್ಕದ ಮನೆಯ ಹುಡುಗನನ್ನು ಕರೆಯಿರಿ. ಥಂಬ್‌ನೇಲನ್ನು ಎರಡು ಸೆಕೆಂಡು ತೋರಿಸಿ ಮುಚ್ಚಿಬಿಡಿ. “ಏನು ಕಂಡೆಯೋ?” ಎಂದು ಕೇಳಿ. “ಒಂದು ಕಂಬ, ಆಮೇಲೆ ಯಾರೋ ಕೂಗ್ತಿದ್ದಾರೆ” ಎಂದರೆ ಕಂಬ ಗೆದ್ದಿದೆ, ರಾಕ್ಷಸ ಸೋತಿದ್ದಾನೆ, ಹುಡುಗಿ ಆಟಕ್ಕೇ ಬಂದಿಲ್ಲ. ಹುಡುಗನಿಗೆ ಕಲೆ ಗೊತ್ತಿಲ್ಲವೆಂದು ವಾದಿಸಬೇಡಿ. ಅವನು ತೀರ್ಪು ಕೊಟ್ಟಿಲ್ಲ, ಅಳತೆ ಕೊಟ್ಟಿದ್ದಾನೆ.

ಕಲಾಶಾಲೆಗಳಲ್ಲಿ ನಡೆಯುವ ವಿಮರ್ಶೆಯ ಕೂಟಗಳು, ಅಂದರೆ ಕ್ರಿಟ್‌ಗಳು ಬಿಸಿಯಾಗುವುದು ತೀರ್ಪು, ಅಳತೆ ಈ ಎರಡನ್ನು ಬೆರೆಸಿದಾಗಲೇ. ನೋಡಿದವರು ಕಂಡದ್ದನ್ನು ಹೇಳುವ ಮೊದಲೇ ಮದ್ದು ಹೇಳಿಬಿಡುತ್ತಾರೆ: ಕಂಬ ತೆಗೆದುಹಾಕು, ಆಕಾಶಕ್ಕೆ ನೀಲಿ ಕೊಡು. ಬರೆದವರು ಚಿತ್ರದ ಪರವಾಗಿ ವಕಾಲತ್ತು ಶುರುಮಾಡುತ್ತಾರೆ. ಎಲ್ಲಿ ಕಣ್ಣು ಎಡವಿತು ಎಂಬ ಮಾಹಿತಿಯನ್ನು ನಂಬಬಹುದು; ಹೇಗೆ ಸರಿಮಾಡಬೇಕು ಎಂಬ ಸಲಹೆ ಬಹಳ ಸಲ ಸಲಹೆಗಾರರ ಚಿತ್ರಕ್ಕೆ ಹೊಂದುತ್ತದೆ, ನಿಮ್ಮದಕ್ಕಲ್ಲ. ಕಂಬ ಗೆದ್ದದ್ದು ನಿಜ. ಅದನ್ನು ತೆಗೆಯಬೇಕೋ, ಕಪ್ಪಾಗಿಸಬೇಕೋ, ಹುಡುಗಿಯನ್ನೇ ಅದಕ್ಕೆ ಒರಗಿಸಿ ಕೂರಿಸಬೇಕೋ ಎನ್ನುವುದು ನಿಮ್ಮ ಲೆಕ್ಕ.

ವಿಮರ್ಶೆ ಯಾವಾಗ ಬರಬೇಕು ಎಂಬುದರ ಮೇಲೆ ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀವನ್ ಡೌ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಪತ್ರಿಕೆಯೊಂದಕ್ಕೆ ಜಾಹೀರಾತು ಮಾಡಲು 33 ಮಂದಿ ಹೊಸಬರಿಗೆ ಹೇಳಿದರು. ಅರ್ಧದಷ್ಟು ಜನ ಒಂದು ಮಾಡಿ, ಟೀಕೆ ಕೇಳಿ, ತಿದ್ದಿ, ಮತ್ತೆ ಟೀಕೆ ಕೇಳುತ್ತ ಹೋದರು. ಇನ್ನರ್ಧ ಜನ ಮೂರು ಕರಡುಗಳನ್ನು ಒಟ್ಟಿಗೇ ಮುಂದಿಟ್ಟು ಟೀಕೆ ಪಡೆದು, ಆಮೇಲೆ ಎರಡು ಮಾಡಿ, ಕೊನೆಗೆ ಒಂದಕ್ಕೆ ಬಂದರು. ಸಮಯ, ಟೀಕೆಯ ಪ್ರಮಾಣ ಇಬ್ಬರಿಗೂ ಸಮ. ಜಾಹೀರಾತುಗಳನ್ನು ಅಂತರ್ಜಾಲದಲ್ಲಿ ಹಾಕಿದಾಗ ಎರಡನೇ ಗುಂಪಿನವಕ್ಕೆ ಹೆಚ್ಚು ಕ್ಲಿಕ್ ಬಂದವು, ಪರಿಣತರೂ ಅವನ್ನೇ ಮೇಲೆಂದರು. ಟೀಕೆಯಿಂದ ನೆರವಾಯಿತು ಎಂದವರೂ ಆ ಗುಂಪಿನಲ್ಲೇ ಹೆಚ್ಚು. ಒಂದೊಂದನ್ನೇ ತೋರಿಸಿದವರಲ್ಲಿ ಹಲವರಿಗೆ ಅದು ತಮ್ಮ ಮೇಲಿನ ಆರೋಪದಂತೆ ಕಂಡಿತ್ತು. ಅರ್ಥವಾಗುವಂಥದೇ. ಇರುವುದೊಂದೇ ಚಿತ್ರವಾದರೆ ಅದಕ್ಕೆ ಬಿದ್ದ ಏಟು ಬರೆದವರಿಗೂ ಬೀಳುತ್ತದೆ. ಮೂರಿದ್ದರೆ ಮಾತು ಇದಕ್ಕಿಂತ ಅದು ವಾಸಿ ಎಂಬಲ್ಲಿಗೆ ಬರುತ್ತದೆ, ನೀನು ಸರಿಯಿಲ್ಲ ಎಂಬಲ್ಲಿಗೆ ಹೋಗುವುದಿಲ್ಲ.

ನಮ್ಮಲ್ಲಿ ಚಿತ್ರ ಬರೆಸುವ ಪದ್ಧತಿ ಇದಕ್ಕೆ ತದ್ವಿರುದ್ಧ. ಕಥೆ ಕಳಿಸುತ್ತಾರೆ, ಎರಡು ದಿನದಲ್ಲಿ ಮುಗಿದ ಚಿತ್ರ ಬೇಕೆನ್ನುತ್ತಾರೆ, ಬಂದ ಮೇಲೆ “ಏನೋ ಕಮ್ಮಿಯಾಗಿದೆ, ಸ್ವಲ್ಪ ನೋಡಿ” ಎಂದು ವಾಪಸು ಕಳಿಸುತ್ತಾರೆ. ಕಮ್ಮಿಯಾಗಿರುವುದು ಸಂಯೋಜನೆ, ಅದನ್ನು ಆ ಹಂತದಲ್ಲಿ ಸ್ವಲ್ಪ ನೋಡಿ ಸರಿಮಾಡಲು ಬರುವುದಿಲ್ಲ. ಪತ್ರಿಕೆಗಳ ಸಂಪಾದಕರಲ್ಲಿ, ಮಕ್ಕಳ ಪುಸ್ತಕದ ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟೇ: ಮುಗಿದ ಚಿತ್ರ ಕೇಳುವ ಮೊದಲು ಮೂರು ಥಂಬ್‌ನೇಲ್ ತರಿಸಿಕೊಳ್ಳಿ. ಅವನ್ನು ಮೊಬೈಲಿನಲ್ಲಿ ಎರಡು ಸೆಕೆಂಡು ನೋಡಿ, ಕಣ್ಣು ಮೊದಲು ಎಲ್ಲಿ ಹೋಯಿತು ಎಂದು ಒಂದು ಸಾಲು ಬರೆದು ತಿಳಿಸಿ. ಆ ಮೂರು ಗೀಚುಗಳಿಗೂ ಸಂಭಾವನೆ ಕೊಡಿ.